ಮೊಳೆಯಕ್ಕ ತಿದ್ದಿದ ಅಂಕಿ

ನನ್ನ ನಾದಿನಿಯನ್ನು ಬೀದಿಯವರೆಲ್ಲ ಮೊಳೆಯಕ್ಕ ಎಂದೇ ಕರೆಯುತ್ತಿದ್ದರು. ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದಾಗ ಬಂದ ಹೆಸರು ಅದು. ಪ್ರೆಸ್ಸು ಮುಚ್ಚಿತು, ಆ ಜಾಗದಲ್ಲಿ ಟೈರಿನ ಅಂಗಡಿ ಬಂತು, ಅದೂ ಮುಚ್ಚಿತು. ಹೆಸರು ಮಾತ್ರ ಹೋಗಲಿಲ್ಲ. ಅವಳು ಹಾಸಿಗೆ ಹಿಡಿದು, ಕೈಬೆರಳು ಮಡಚಿಕೊಂಡು ಬಿದ್ದ ಕಾಲದಲ್ಲೂ ತರಕಾರಿಯವಳು ಕಿಟಕಿಯಲ್ಲಿ ಇಣುಕಿ, “ಮೊಳೆಯಕ್ಕಾ, ಇವತ್ತು ಯಾರ ತಪ್ಪು ಹಿಡಿದ್ರಿ?” ಎಂದು ಕೇಳಿಯೇ ಮುಂದೆ ಹೋಗುತ್ತಿದ್ದಳು.

ತಪ್ಪು ಹಿಡಿಯುವುದೇ ಅವಳ ಕಸುಬು. ಜೋಡಿಸುವುದರಿಂದ ತಿದ್ದುವ ಕೆಲಸಕ್ಕೆ ಬೇಗ ಏರಿದಳು. ಪುಟ ಅಚ್ಚಿಗೆ ಹೋಗುವ ಮುಂಚೆ ಒಂದು ಪ್ರತಿ ತೆಗೆದು ನೋಡುತ್ತಾರಲ್ಲ, ಪ್ರೂಫು, ಅದನ್ನು ಇವಳ ಮುಂದೆ ಇಡಬೇಕು. ಬರೆದುಕೊಟ್ಟ ಹಾಳೆಯನ್ನು ನೂರು ಸಲ ಓದಿದ್ದರೂ ಲೆಕ್ಕಕ್ಕಿಲ್ಲ, ಅಚ್ಚಾದ ಪುಟವನ್ನೇ ನೋಡಬೇಕು ಎನ್ನುವುದು ಅವಳ ಹಟ. ನೋಡಿ ಮುಗಿಸಿ, ತಪ್ಪಿಲ್ಲದಿದ್ದರೆ ಒಂದೇ ಮಾತು: “ಸರಿಯಾಗಿದೆ.” ಹೊಗಳಿಕೆಯೂ ಅದೇ, ಒಪ್ಪಿಗೆಯೂ ಅದೇ. ನಾನು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದೆ. ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮುಂಚೆಯೇ, “ಅತ್ತಿಗೆ, ಎಡತೋಳು ಅರ್ಧ ಬೆರಳು ಉದ್ದ ಆಗಿದೆ,” ಎನ್ನುವಳು.

“ನಿನ್ನ ನಾಲಿಗೆಯಷ್ಟೇನೂ ಉದ್ದ ಆಗಿಲ್ಲ ಬಿಡು,” ಎನ್ನುತ್ತಿದ್ದೆ ನಾನು. ಆಮೇಲೆ ಅಳೆದು ನೋಡಿದರೆ ಅರ್ಧ ಬೆರಳೇ.

ಅವಳನ್ನು ನೋಡಲು ಒಂದು ಗಂಡು ಬಂದಿತ್ತು. ಅವನ ಮಾತಿನಲ್ಲಿ ಮೂರು ಕಡೆ ತಪ್ಪು ತೋರಿಸಿ ಕಳಿಸಿದಳು. ನನ್ನ ಯಜಮಾನರು, ಅಂದರೆ ಅವಳ ಅಣ್ಣ, ನಕ್ಕು ನಕ್ಕು ಕೆಮ್ಮು ಬಂದು ಒದ್ದಾಡಿದರು. “ಇವಳಿಗೆ ಗಂಡು ಸಿಗ್ಬೇಕಾದ್ರೆ ಮೊದಲು ಪ್ರೂಫ್ ತೆಗೆಸ್ಬೇಕು ಕಣೇ,” ಎಂದರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ನಾವಿಬ್ಬರೇ.

ಕಾಯಿಲೆಯ ಮೊದಲ ಗುರುತು ಪ್ರೆಸ್ಸಿನಲ್ಲೇ ಕಂಡಿತು. ತಪ್ಪಿದ ಮೊಳೆ ಬದಲಾಯಿಸುವಾಗ ಬೆರಳ ಸಂದಿಯಿಂದ ಜಾರತೊಡಗಿತು. ಒಂದು, ಆಮೇಲೆ ಒಂದು ಸಾಲು, ಕೊನೆಗೆ ಜೋಡಿಸಿದ ಇಡೀ ಪುಟವೇ ನೆಲಕ್ಕೆ. ಪ್ರೆಸ್ಸಿನ ಯಜಮಾನ ಕೆಟ್ಟವನಲ್ಲ, ಬಯ್ಯಲಿಲ್ಲ. ಬಯ್ಯಲಿಲ್ಲವೆಂದೇ ಇವಳಿಗೆ ಅವಮಾನವಾಯಿತು. ಡಾಕ್ಟರು ಒಳಗೆ ಕರೆದು, ಸ್ನಾಯುಗಳು ಒಣಗುತ್ತಾ ಹೋಗುತ್ತವೆ, ಮೊದಲು ಕೈ, ಆಮೇಲೆ ಕಾಲು, ಆಮೇಲೆ ನಾಲಿಗೆ, ಕೊನೆಗೆ ಉಸಿರು ಎಂದರು. ನಿಧಾನವಾಗಿ ಹೋಗುವ ಜಾತಿಯದು, ವರ್ಷಗಟ್ಟಲೆ ಸಮಯವಿದೆ ಎಂದೂ ಹೇಳಿದರು, ಅದನ್ನೊಂದು ಒಳ್ಳೆಯ ಸುದ್ದಿ ಎನ್ನುವಂತೆ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಅವಳು ಹೇಳಿದ್ದು ಇಷ್ಟೇ: “ಕಣ್ಣಿನ ಹೆಸರು ಹೇಳ್ಲಿಲ್ಲ. ಕಣ್ಣು ಉಳಿಯುತ್ತೆ ಅಂತಾಯ್ತು.”

ನಮ್ಮದು ಬೀದಿಗೆ ಬಾಗಿಲಿರುವ ಎರಡು ಕೋಣೆಯ ಮನೆ. ಎದುರಿಗೆ ವೆಲ್ಡಿಂಗ್ ಅಂಗಡಿ. ಹಗಲೆಲ್ಲ ಅದರ ನೀಲಿ ಬೆಳಕು ನಮ್ಮ ಗೋಡೆಯ ಮೇಲೆ ಹಾರುತ್ತಿತ್ತು. ಮುಂದಿನ ಕೋಣೆಯಲ್ಲಿ ಅವಳ ಮಂಚ. ಹಳೆಯದೊಂದು ಕಂಪ್ಯೂಟರನ್ನು ಪ್ರೆಸ್ಸಿನ ಯಜಮಾನ ಕೊಟ್ಟಿದ್ದ. ಇಡಲು ಬೇರೆ ಮೇಜಿಲ್ಲ, ನನ್ನ ಹೊಲಿಗೆ ಯಂತ್ರವನ್ನು ಕೆಳಗಿಳಿಸಿ ಅದರ ಮೇಜನ್ನೇ ಮಂಚಕ್ಕೆ ಒತ್ತಿ ಇಟ್ಟೆವು. ಕೈ ಆಡುವಷ್ಟು ದಿನ ಕೈಯಲ್ಲಿ ಒತ್ತಿದಳು, ಆಮೇಲೆ ಒಂದು ಬೆರಳಿನಲ್ಲಿ. ಅದೂ ನಿಂತಾಗ ಪಕ್ಕದ ಬೀದಿಯ ರೇಡಿಯೋ ರಿಪೇರಿಯವರು ಬಂದರು. ಮುದುಕರು, ಒಂದು ಕಣ್ಣಿಗೆ ಸದಾ ಭೂತಗನ್ನಡಿ. ಕರೆಗಂಟೆಯ ಗುಂಡಿಯೊಂದನ್ನು ಬಿಚ್ಚಿ, ಅದರ ಸ್ಪ್ರಿಂಗನ್ನು ಕೂದಲಿನಷ್ಟು ಮೆದು ಮಾಡಿ, ಗಲ್ಲದ ಕೆಳಗೆ ಕೂರುವಂತೆ ಪಟ್ಟಿ ಕಟ್ಟಿದರು. ಚುಚ್ಚದಿರಲಿ ಎಂದು ನಾನು ಮಖಮಲ್ಲಿನ ಹೊದಿಕೆ ಹೊಲಿದೆ. ಪರದೆಯ ಮೇಲೆ ಅಕ್ಷರಗಳ ಚೌಕಗಳು ಒಂದಾದ ಮೇಲೊಂದು ಬೆಳಗುತ್ತಾ ಹೋಗುತ್ತವೆ. ಬೇಕಾದದ್ದು ಬೆಳಗಿದಾಗ ಗಲ್ಲವನ್ನು ಒಂದಿಷ್ಟು ಕೆಳಗೆ ತಂದರೆ ಸಾಕು, ಅಕ್ಷರ ಬಿದ್ದಂತೆ. ಅದಕ್ಕೆ ಬೇಕಾದ ಪ್ರೋಗ್ರಾಮನ್ನೂ ಅವರೇ ಬರೆದು ಆ ಹಳೆಯ ಕಂಪ್ಯೂಟರಿಗೆ ಹಾಕಿಕೊಟ್ಟರು.

“ಮತ್ತೆ ಮೊಳೆ ಜೋಡಿಸಿದ ಹಾಗೇ ಆಯ್ತು,” ಎಂದಳು. ಆ ದಿನ ಅವಳ ಮುಖ ನೋಡಬೇಕಿತ್ತು.

ವಾರಕ್ಕೊಮ್ಮೆ ಬರುತ್ತಿದ್ದ ನರ್ಸಮ್ಮ ಒಂದು ಪುಸ್ತಕ ತೋರಿಸಿದಳು. ಉಸಿರಿಗೆ ಶಕ್ತಿ ಸಾಲದವರಿಗೆ ಮನೆಯಲ್ಲೇ ಇಟ್ಟುಕೊಳ್ಳುವ ಒಂದು ಯಂತ್ರವಿತ್ತು. ಅದನ್ನು ನಡೆಸುವ ಪ್ರೋಗ್ರಾಮನ್ನು ಬೇರೆ ಬೇರೆ ಊರಿನವರು ಸೇರಿ ಬಿಟ್ಟಿಯಾಗಿ ಮಾಡಿದ್ದರು. ಯಾವ ಗುಂಡಿ ಏನು, ಎಚ್ಚರಿಕೆಯ ಗಂಟೆ ಹೊಡೆದರೆ ಏನು ಮಾಡಬೇಕು ಎಂದು ತಿಳಿಸುವ ಪುಸ್ತಕವನ್ನೂ ಅವರೇ ಬರೆದಿದ್ದರು. ನಮ್ಮ ಭಾಷೆಯಲ್ಲೂ ಇತ್ತು. ಇವಳು ಎರಡು ಪುಟ ಓದಿ ಮೂಗು ಮುರಿದಳು.

“ಯಾರು ಬರೆದದ್ದು ಇದನ್ನ? ಉಸಿರು ಎಳ್ಕೊಳ್ಳೋಕೆ ಮುಂಚೆ ಅರ್ಜಿ ಹಾಕ್ಬೇಕು ಅನ್ನೋ ಹಾಗಿದೆ!”

ಹಾಗೆ ಶುರುವಾಯಿತು. ತಿದ್ದಿ ಕಳಿಸಿದಳು, ಅವರು ಒಪ್ಪಿದರು, ಮತ್ತೆ ಕಳಿಸಿದಳು. ಒಂದೆರಡು ವರ್ಷದಲ್ಲಿ ನಮ್ಮ ಭಾಷೆಯ ಪುಸ್ತಕದ ಪೂರ್ತಿ ಹೊಣೆ ಇವಳ ತಲೆಗೆ ಬಂತು. ದುಡ್ಡಿಲ್ಲದ ಕೆಲಸ. ಆದರೆ ಬೆಳಿಗ್ಗೆ ಮುಖ ಒರೆಸಿದ ಕೂಡಲೇ, “ಗುಂಡಿ ಕಟ್ಟು ಅತ್ತಿಗೆ,” ಎನ್ನುವಳು. ಹಾಸಿಗೆ ಹುಣ್ಣು, ಕಫ, ಮಲಬದ್ಧತೆ ಎಲ್ಲವನ್ನೂ ಮಧ್ಯಾಹ್ನದ ಮೇಲಕ್ಕೆ ಹಾಕಿಬಿಡುವಳು.

ಗುಂಪಿನವರ ಜೊತೆ ಜಗಳವೂ ಅಷ್ಟೇ ಜೋರು. ಅಷ್ಟರಲ್ಲಿ ನಾಲಿಗೆ ತೊದಲತೊಡಗಿತ್ತು, ಅವಳ ಮಾತು ನನಗೊಬ್ಬಳಿಗೇ ತಿಳಿಯುತ್ತಿದ್ದದ್ದು. ಕಂಪ್ಯೂಟರಿನಲ್ಲಿ ಮಾತಾಡುವಾಗ ನಾನು ಪಕ್ಕದಲ್ಲಿ ಕೂತು ಅವಳು ಅಂದದ್ದನ್ನು ಬಿಡಿಸಿ ಹೇಳಬೇಕು. ಅವಳು ಕತ್ತೆ ಎಂದರೆ ನಾನು ಸ್ವಾಮಿ ಎನ್ನುತ್ತಿದ್ದೆ. ಗುಂಪಿನ ಹಿರಿಯರೊಬ್ಬರು ಹಗಲು ಪಂಪ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ನಾವು ಅವರನ್ನು ಪಂಪಿನವರು ಎನ್ನುತ್ತಿದ್ದೆವು. ಒಮ್ಮೆ ಅವರಿಗೂ ಇವಳಿಗೂ ಒಂದೇ ಒಂದು ಸಾಲಿನ ಮೇಲೆ ಜಟಾಪಟಿ. ಯಂತ್ರ ನಿಲ್ಲಿಸುವ ವಿಧಾನದ ಪುಟದಲ್ಲಿ ಇವಳು ಹೊಸದಾಗಿ ಬರೆದಿದ್ದಳು: “ನಿಲ್ಲಿಸುವ ಗುಂಡಿ ಮುಟ್ಟುವ ಮುಂಚೆ ಪರದೆಯಿಂದ ಕಣ್ಣು ತೆಗೆದು ಒಮ್ಮೆ ರೋಗಿಯ ಮುಖ ನೋಡಿ.”

“ಅಕ್ಕಾ, ಇದು ಯಂತ್ರದ ಪುಸ್ತಕ. ಮುಖದ ಮಾತು ಇಲ್ಲಿ ಯಾಕೆ?” ಎಂದರು ಪಂಪಿನವರು.

ಇವಳು ಏನೋ ಗೊಣಗಿದಳು. ನಾನು ಹೇಳಿದೆ: “ಗುಂಡಿ ಒತ್ತೋರು ಪರದೇನೇ ನೋಡ್ತಾರಂತೆ. ಮಲಗಿರೋರನ್ನ ಮರೀತಾರಂತೆ. ಮಲಗಿರೋಳು ಹೇಳ್ತಿದೀನಿ, ಇರ್ಲಿ ಅಂತಾಳೆ ಸ್ವಾಮಿ.”

“ಸ್ವಾಮಿ ಅಂದ್ರಾ ಅಕ್ಕ?”

“ನಾನು ಸೇರಿಸ್ದೆ.”

ಅವರು ನಕ್ಕರು. ಸಾಲು ಉಳಿಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅವಳು ಹೇಳಿ ಹೇಳಿ ನನ್ನ ತಲೆಗೂ ಹತ್ತಿದ ವಿಷಯ ಇದು. ಆ ಪುಸ್ತಕವನ್ನು ಬರೆಯುವುದು ಬರಿಯ ಅಕ್ಷರದಲ್ಲಿ. ಇದು ತಲೆಬರಹ, ಇದು ಚಿತ್ರ, ಇದು ಎಚ್ಚರಿಕೆಯ ಚೌಕ ಎಂದು ನಡುನಡುವೆ ಗುರುತು ಹಾಕಿರುತ್ತಾರೆ. ಗುರುತುಗಳನ್ನೆಲ್ಲ ಓದಿ, ಪುಟ ಕಟ್ಟಿ, ಚೌಕ ಎಳೆದು ಪುಸ್ತಕ ಮಾಡಿಕೊಡುವ ಸಲಕರಣೆ ಒಂದಿದೆ, ಅದೂ ಒಂದು ಪ್ರೋಗ್ರಾಮೇ. ಪ್ರೆಸ್ಸಿನಲ್ಲಿ ಹತ್ತು ಜನ ಮಾಡುತ್ತಿದ್ದ ಕೆಲಸ ಅದೊಂದೇ ಮಾಡುತ್ತದೆ. ಆ ಸಲಕರಣೆಯನ್ನು ಮಾಡುವವರು ಅದನ್ನು ಆಗಾಗ ಹೊಸದು ಮಾಡಿ, ಪ್ರತಿ ಸಲಕ್ಕೂ ಒಂದು ಅಂಕಿ ಕೊಡುತ್ತಾರೆ. ಇವಳ ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದು ನಾಲ್ಕನೆಯದು. ಅದಕ್ಕಿಂತ ಹೊಸದನ್ನು ಆ ಕಂಪ್ಯೂಟರು ಒಲ್ಲೆ ಎನ್ನುತ್ತಿತ್ತು. ಬೇರೆಯವರೆಲ್ಲ ಏಳು, ಎಂಟಕ್ಕೆ ಹೋಗಿದ್ದರು. ಪುಸ್ತಕದ ಕಡತದ ಮೇಲ್ತುದಿಯಲ್ಲಿ ಒಂದು ಸಾಲು ಇರುತ್ತದೆ, ಇದನ್ನು ಕಟ್ಟಲು ಸಲಕರಣೆ ಕನಿಷ್ಠ ಇಷ್ಟನೆಯದಾದರೂ ಇರಬೇಕು ಎಂದು. ಆ ಸಾಲಿನಲ್ಲಿ ನಾಲ್ಕು ಎಂದಿತ್ತು. ಬರೆಯುವುದು ಯಾರಾದರೂ ಬರೆಯಲಿ, ನಮ್ಮ ಭಾಷೆಯ ಪುಸ್ತಕವನ್ನು ಕೊನೆಗೆ ಕಟ್ಟಿ ಹೊರಗೆ ಬಿಡುವವಳು ಇವಳು. ಈ ಮನೆಯಲ್ಲಿ, ನನ್ನ ಹೊಲಿಗೆ ಮೇಜಿನ ಮೇಲೆ, ನಾಲ್ಕನೆಯದರಲ್ಲಿ.

ರೇಡಿಯೋ ರಿಪೇರಿಯವರು ತೀರಿಕೊಂಡಿದ್ದರು. ಗಲ್ಲದ ಬಲವೂ ಕಡಿಮೆಯಾಗಿತ್ತು. ಒಂದು ಪುಟ ಮಗುಚಲು ಗುಂಡಿಯನ್ನು ಎಷ್ಟೋ ಸಲ ಒತ್ತಬೇಕು. ಆ ವರ್ಷ ಅವಳು ಒಂದು ಕೆಲಸ ಬಿಟ್ಟಳು. ಜನ ಬರೆದು ಕಳಿಸಿದ್ದನ್ನು ಅಕ್ಷರ ಅಕ್ಷರವಾಗಿ ಓದಿ ತಿದ್ದುವಳು, ಆದರೆ ಕಟ್ಟಿದ ಮೇಲೆ ಪುಟಗಳನ್ನು ಮೊದಲಿನಂತೆ ಒಂದೊಂದಾಗಿ ಮಗುಚುತ್ತಿರಲಿಲ್ಲ. ಮೊದಲ ಪುಟ, ನಡುವೆ ಒಂದೆರಡು, ಕೊನೆಯ ಪುಟ. ನಾನು ಪಕ್ಕದಲ್ಲೇ ಕೂತಿದ್ದೆ, ನನಗೇನು ತಿಳಿಯಬೇಕು? ಬೇಗ ಮುಗಿಯಿತಲ್ಲ, ಬೆನ್ನು ಒರೆಸಬಹುದು ಎಂದುಕೊಂಡೆ.

ಒಂದು ದಿನ ಬೆಳಿಗ್ಗೆ ಗುಂಪಿಗೆ ಒಬ್ಬ ಬಡಗಿಯ ಕಾಗದ ಬಂತು. ಪಂಪಿನವರು ಅದನ್ನು ಇವಳಿಗೆ ಕಳಿಸಿದ್ದರು. ಅವನ ಹೆಂಡತಿ ಆ ಯಂತ್ರದ ಮೇಲೆ ಇದ್ದಳಂತೆ. ಕೊಳವೆ ಬದಲಾಯಿಸುವಾಗ ಗಂಟೆ ಹೊಡೆದುಕೊಳ್ಳದಿರಲಿ ಎಂದು ಅದರ ಬಾಯಿ ಮುಚ್ಚಿಸುವ ಗುಂಡಿ ಒತ್ತಿದ್ದಾನೆ. ಪುಸ್ತಕದಲ್ಲಿ ಹಾಗೇ ಇದೆ. ಕೊಳವೆ ಬದಲಾಯಿಸಿದ್ದಾನೆ. ಅದೂ ಪುಸ್ತಕದಂತೆಯೇ. ಆಮೇಲೆ ಅಂಗಳಕ್ಕೆ ಹೋಗಿ ಮರಕ್ಕೆ ಹತ್ತರಿ ಹೊಡೆಯುತ್ತಾ ಕೂತಿದ್ದಾನೆ. ಕೊಳವೆ ಸಡಿಲವಾಗಿದೆ. ಗಂಟೆ ಹೊಡೆಯಲಿಲ್ಲ. ಒಳಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೊನೆಗೆ ಅವನು ಬರೆದಿದ್ದ: “ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದೆ. ನಾನು ಯಾವ ಪುಟ ಬಿಟ್ಟೆ, ದಯವಿಟ್ಟು ಹೇಳಿ.” ಪುಟದ ಫೋಟೋವನ್ನೂ ಇಟ್ಟಿದ್ದ.

“ಬಿಟ್ಟಿದಾನೆ,” ಎಂದಳು ಇವಳು. “ಅಲ್ಲಿ ಚೌಕ ಇದೆ. ಮುಚ್ಚಿಸಿದ ಗಂಟೆ ತಾನಾಗಿ ತೆರ್ಕೊಳಲ್ಲ, ಕೆಲ್ಸ ಮುಗಿದ ಮೇಲೆ ನೀವೇ ತೆರೀಬೇಕು ಅಂತ. ನಾನೇ ಓದಿದೀನಿ.”

“ಪಾಪ, ಓದಿರಲ್ಲ ಬಿಡು,” ಎಂದೆ.

“ಫೋಟೋ ದೊಡ್ಡದು ಮಾಡು.”

ಮಾಡಿದೆ. ಪುಟದಲ್ಲಿ ಚೌಕ ಇರಲಿಲ್ಲ. ತಾನು ತಿದ್ದಿದ ಮೂಲ ತೆರೆದಳು, ಅಲ್ಲಿ ಇತ್ತು. ಕಟ್ಟಿದ ಪುಸ್ತಕ ತೆರೆದು ಆ ಪುಟಕ್ಕೆ ಹೋದಳು. ಮೇಲಿನ ಸಾಲು, ಕೆಳಗಿನ ಸಾಲು, ನಡುವೆ ಏನೂ ಇಲ್ಲ. ಒಂದು ಬಿಳಿ ಜಾಗವೂ ಇಲ್ಲ, ಅಲ್ಲೇನೋ ಇತ್ತು ಎಂದು ಅನುಮಾನ ಪಡಲು. ಅವಳ ಗಲ್ಲ ಗುಂಡಿಯ ಮೇಲೆ ಹಾಗೇ ಕೂತುಬಿಟ್ಟಿತು, ಪುಟಗಳು ತಾವಾಗಿ ಓಡತೊಡಗಿದವು. ನಾನೇ ತಲೆ ಎತ್ತಿ ಹಿಡಿದೆ.

ಆದದ್ದು ಇಷ್ಟು. ಎಚ್ಚರಿಕೆಯ ಚೌಕಕ್ಕೆ ಒಂದು ಹೊಸ ಗುರುತು ಬಂದಿತ್ತು. ಏಳನೆಯ ಸಲಕರಣೆಗೆ ಅದು ಗೊತ್ತು. ಬರೆದವರು ಅದನ್ನೇ ಬಳಸಿದ್ದರು, ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಕಟ್ಟಿ ನೋಡಿದರೆ ಚೌಕ ಕೆಂಪಗೆ ಕಾಣುತ್ತಿತ್ತು. ನಾಲ್ಕನೆಯದಕ್ಕೆ ಆ ಗುರುತು ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಿ ನಿಂತಿದ್ದರೂ ಆಗುತ್ತಿತ್ತು. ಅದು ಚೌಕವನ್ನು ಒಳಗಿನ ಮಾತಿನ ಸಮೇತ ನುಂಗಿ, ಪುಸ್ತಕ ತಯಾರಾಗಿದೆ ಎಂದಿತು.

ಅಂದು ಅವಳು ಬಾಯಿಗೆ ಏನೂ ಹಾಕಿಸಿಕೊಳ್ಳಲಿಲ್ಲ. ಪಂಪಿನವರನ್ನು ಕರೆಸು ಎಂದಳು. ಅವರು ಕಾರ್ಖಾನೆಯಿಂದಲೇ ಮಾತಿಗೆ ಬಂದರು, ಹಿಂದೆ ಯಂತ್ರಗಳ ಗದ್ದಲ.

“ಅಕ್ಕಾ, ಸುದ್ದಿ ನೋಡಿದ್ರಾ? ನಿಮ್ಮ ತಪ್ಪೇನೂ…”

“ಅದು ಬೇಡ್ವಂತೆ,” ಎಂದೆ. “ಆ ಸಾಲಿನಲ್ಲಿ ಅಂಕಿ ಇನ್ನೂ ನಾಲ್ಕೇ ಯಾಕಿದೆ ಅಂತ ಕೇಳ್ತಿದಾಳೆ.”

ಇವಳು ಮತ್ತೆ ತೊದಲಿದಳು, ಅದನ್ನೂ ಬಿಡಿಸಿ ಹೇಳಿದೆ.

“ಎಲ್ಲರೂ ಏಳಕ್ಕೆ ಹೋಗಿದಾರೆ, ಸಾಲು ಯಾಕೆ ಹೋಗಿಲ್ಲ ಅಂತ.”

“ಏರಿಸೋಣ ಅಂತ ಮಾತು ಬಂದಿತ್ತು ಅಕ್ಕಾ. ಬಹಳ ಹಿಂದೇನೇ. ಏರಿಸಿದ್ರೆ ನಿಮ್ಮ ಕಂಪ್ಯೂಟರಲ್ಲಿ ಆಗಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಬಿಟ್ವಿ. ಒಬ್ಬರೂ ಎದುರು ಮಾತಾಡ್ಲಿಲ್ಲ, ಎಲ್ಲರೂ ಒಪ್ಕೊಂಡ್ರು. ನಿಮಗೆ ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ…”

ಇವಳು ಒಂದು ಮಾತು ಹೇಳಿದಳು. ನಾನು ಅದನ್ನು ದಾಟಿಸದೆ ಸೆರಗಿನಲ್ಲಿ ಅವಳ ಜೊಲ್ಲು ಒರೆಸತೊಡಗಿದೆ.

“ಹೇಳು ಅತ್ತಿಗೆ. ಸ್ವಾಮಿ ಗೀಮಿ ಸೇರಿಸ್ಬೇಡ.”

ಹೇಳಿದೆ. “ನಿಮ್ಮ ಕರುಣೆಗಿಷ್ಟು ಬೆಂಕಿ ಬೀಳ ಅಂತಿದಾಳೆ. ನನ್ನ ಕುರುಡಿ ಮಾಡಿ ಕೂರಿಸಿ ಪ್ರೂಫ್ ನೋಡಿಸಿದ್ರಿ ಅಂತಿದಾಳೆ.” ಆಮೇಲೆ ಅವಳು ಇನ್ನೊಂದು ಹೇಳಿದಳು, ಅದನ್ನೂ ಹೇಳಿದೆ. “ನಾನೂ ಪುಟ ನೋಡ್ಲಿಲ್ಲ, ಮೂಲ ಓದಿ ಬಿಟ್ಬಿಟ್ಟೆ, ಹಾಗಾಗಿ ನೀವು ಅರ್ಧ, ನಾನು ಅರ್ಧ ಅಂತಿದಾಳೆ.”

ಪಂಪಿನವರು ಅತ್ತರೆಂದು ತೋರುತ್ತದೆ, ಸರಿಯಾಗಿ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ದಾರಿ ಹುಡುಕತೊಡಗಿದರು. ಆ ಹೊಸ ಗುರುತನ್ನು ಯಾರೂ ಬಳಸಬಾರದು ಎಂದು ಎಲ್ಲರಿಗೂ ಹೇಳಿಬಿಡೋಣ, ನಾಲ್ಕು ನಾಲ್ಕಾಗಿಯೇ ಇರಲಿ, ನಿಮ್ಮ ಕೆಲಸ ನಿಮಗಿರಲಿ ಎಂದರು.

“ನಾಳೆ ಇನ್ನೊಬ್ಬ ಇನ್ನೊಂದು ಗುರುತು ಹಾಕ್ತಾನೆ,” ಎಂದಳು ಅವಳು, ಉಸಿರಿಗೆ ನಿಲ್ಲಿಸಿ ನಿಲ್ಲಿಸಿ. “ನಾಲ್ಕು ಅದನ್ನೂ ನುಂಗುತ್ತೆ. ಏಳು ಏನ್ ಮಾಡುತ್ತೆ, ಗೊತ್ತಿಲ್ದಿದ್ದು ಸಿಕ್ರೆ?”

“ನಿಲ್ಲುತ್ತೆ ಅಕ್ಕಾ. ತಪ್ಪು ಇಲ್ಲಿದೆ ಅಂತ ಸಾಲು ತೋರಿಸಿ ನಿಲ್ಲುತ್ತೆ.”

“ಹಾಗಾದ್ರೆ ಏಳೇ.”

ಆಮೇಲಿನ ದಿನಗಳಲ್ಲಿ ನಾವೇನೂ ಕೈಕಟ್ಟಿ ಕೂರಲಿಲ್ಲ. ಅವಳಿಗೆ ಬೇಡವಾಗಿದ್ದರೂ, ಆ ಕೆಲಸ ಅವಳಿಗೆ ಉಳಿಯುವುದು ನನಗೂ ನರ್ಸಮ್ಮನಿಗೂ ಬೇಕಿತ್ತು. ಹೊಸ ಕಂಪ್ಯೂಟರನ್ನು ಪಂಪಿನವರೇ ಕಳಿಸಿದರು. ಗಲ್ಲದ ಗುಂಡಿಯನ್ನು ಅದಕ್ಕೆ ಹಾಕಲು ಹೋದರೆ ಕಿಂಡಿಯೇ ಇಲ್ಲ. ಕಿಂಡಿ ಕೂಡಿಸುವ ತುಂಡು ತಂದರೆ ರಿಪೇರಿಯವರ ಪ್ರೋಗ್ರಾಮು ಅದರಲ್ಲಿ ಏಳುವುದಿಲ್ಲ. ನರ್ಸಮ್ಮ ಊರಿನ ಅಂಗಡಿಗಳಿಗೆಲ್ಲ ಅಲೆದು ಬಂದು, “ಇದನ್ನ ಮಾಡ್ದೋರನ್ನೇ ಕೇಳ್ಬೇಕಂತೆ ಅಕ್ಕಾ,” ಎಂದಳು.

“ಅವರನ್ನ ಕೇಳ್ಬೇಕಂದ್ರೆ ನಾನು ಸ್ವಲ್ಪ ಬೇಗ ಹೊರಡ್ಬೇಕಾಗುತ್ತೆ,” ಎಂದಳು ಇವಳು.

ಅಂಗಡಿಯ ಹೊಸ ಗುಂಡಿಗಳು ಬಿಗಿ. ಅವಳ ಗಲ್ಲದಲ್ಲಿ ಆ ಬಲ ಉಳಿದಿರಲಿಲ್ಲ. ಕಣ್ಣಿನ ಚಲನೆ ನೋಡಿ ಅಕ್ಷರ ಹಿಡಿಯುವ ಕ್ಯಾಮೆರಾ ಒಂದನ್ನು ನರ್ಸಮ್ಮ ಆಸ್ಪತ್ರೆಯಿಂದ ಎರವಲು ತಂದಳು. ಕಣ್ಣು ಉಳಿಯುತ್ತದೆ ಎಂದುಕೊಂಡಿದ್ದೆವಲ್ಲ, ಕಣ್ಣು ಉಳಿದಿತ್ತು. ರೆಪ್ಪೆ ಉಳಿದಿರಲಿಲ್ಲ. ಹತ್ತು ಅಕ್ಷರಕ್ಕೆ ರೆಪ್ಪೆ ಜೋತುಬೀಳುವುದು, ಕ್ಯಾಮೆರಾ ಕಣ್ಣು ಎಲ್ಲಿ ಎಂದು ಪರದೆಯ ಮೇಲೆ ಸುತ್ತು ಹೊಡೆಯುವುದು. “ನನ್ನೇ ಹುಡುಕ್ತಿದೆ ಪಾಪ. ಇಲ್ಲೇ ಇದೀನಿ ಅಂತ ಹೇಳು,” ಎಂದು ನಗಿಸಲು ನೋಡಿದಳು. ನಾನು ಅದರ ತಂತಿ ಕಿತ್ತು ಪೆಟ್ಟಿಗೆಗೆ ಹಾಕಿದೆ.

ನೀವು ಬರೆದು ಕೊಡಿ, ತಿದ್ದಿ ಕೊಡಿ, ಕಟ್ಟುವುದನ್ನು ಬೇರೆಯವರು ಕಟ್ಟುತ್ತಾರೆ ಎಂದು ಗುಂಪಿನವರು ಒಬ್ಬೊಬ್ಬರಾಗಿ ಬೇಡಿಕೊಂಡರು. ನಾನೂ ಹೇಳಿದೆ. “ಅಷ್ಟಾದ್ರೂ ಇಟ್ಕೋ ತಾಯಿ. ಬೆಳಗಾದ್ರೆ ಏನ್ ಮಾಡ್ತೀಯ?”

“ಪುಟ ನೋಡ್ದೆ ತಿದ್ದಿದ್ದಕ್ಕೆ ಒಬ್ಬಳು ಹೋದ್ಳು,” ಎಂದಳು. ಮುಗಿಯಿತು. ಅವಳ ಹಟ ನನಗೆ ಗೊತ್ತಿಲ್ಲವೇ?

ಮೊದಲು ಬಡಗಿಗೆ ಉತ್ತರ ಬರೆದಳು. ಗುಂಪಿನವರು ಬೇಡವೆಂದರು, ಮುಂದೆ ಕೋರ್ಟು ಕೇಸು ಆಗಬಹುದು ಎಂದು ಹೆದರಿಸಿದರು. ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಬೆಳಗು ಪೂರ್ತಿ ಹಿಡಿಯಿತು. “ನೀವು ಯಾವ ಪುಟವನ್ನೂ ಬಿಟ್ಟಿಲ್ಲ. ಅಲ್ಲಿ ಇರಬೇಕಾಗಿದ್ದ ಎಚ್ಚರಿಕೆ ಇರಲಿಲ್ಲ. ಆ ಪುಟ ಕಟ್ಟಿದವಳು ನಾನು. ಕಟ್ಟಿದ ಮೇಲೆ ನೋಡದವಳೂ ನಾನೇ.” ಹೆಸರು ಹಾಕಿದಳು. ಬಡಗಿಯಿಂದ ಮತ್ತೆ ಕಾಗದ ಬರಲಿಲ್ಲ. ಬಯ್ದಾದರೂ ಬರೆಯಲಿ ಎಂದು ಅವಳು ಎಷ್ಟು ಕಾದಳೆಂದರೆ, ಕಂಪ್ಯೂಟರು ಟಿಣ್ ಎಂದಾಗಲೆಲ್ಲ ಅವಳ ಕಣ್ಣು ಅತ್ತ ಹೋಗುತ್ತಿತ್ತು.

ಅಂಕಿ ತಿದ್ದುವುದನ್ನು ಬೇರೆ ಯಾರೂ ಮಾಡಬಾರದು ಎಂದಿದ್ದಳು. ಅದು ಒಂದೇ ಅಕ್ಷರದ ಕೆಲಸ. ನಾಲ್ಕು ಅಳಿಸಬೇಕು, ಏಳು ಹಾಕಬೇಕು. ಅಷ್ಟೇ ಅಲ್ಲ, ಹಳೆಯ ಸಲಕರಣೆಯಿಂದ ಯಾರಾದರೂ ಕಟ್ಟಲು ಬಂದರೆ ಅವರಿಗೆ ತೋರಿಸುವ ಮಾತೊಂದನ್ನು ಬರೆದಿಡಬೇಕು. ಪಂಪಿನವರು ಉದ್ದಕ್ಕೆ ಏನೋ ವಿನಯದಿಂದ ಬರೆದು ಕಳಿಸಿದ್ದರು, ದಯವಿಟ್ಟು, ಕ್ಷಮಿಸಿ ಎಂದೆಲ್ಲ. ಇವಳು ಅದನ್ನು ಹೊಡೆದು ಹಾಕಿದಳು. “ನಿಮ್ಮ ಸಲಕರಣೆ ಹಳೆಯದು. ಇದರಿಂದ ಈ ಪುಸ್ತಕ ಕಟ್ಟಬಾರದು. ಕನಿಷ್ಠ ಏಳು ಬೇಕು.”

“ಇಷ್ಟು ಖಾರವಾಗಿ ಬೇಕಾ?” ಎಂದೆ.

“ಯಾರಿಗೆ ನೋಯುತ್ತೆ? ಇದನ್ನ ಓದೋಳು ನಾನೊಬ್ಳೇ.”

ನಿಜವೇ. ಆ ಸಾಲು ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಬೇಕಾದರೆ ಹಳೆಯ ಸಲಕರಣೆ ಇರುವ ಕಂಪ್ಯೂಟರು ಬೇಕು. ಇಡೀ ಗುಂಪಿನಲ್ಲಿ ಅಂಥದ್ದು ಉಳಿದಿದ್ದು ನನ್ನ ಹೊಲಿಗೆ ಮೇಜಿನ ಮೇಲೆ ಮಾತ್ರ.

ವೆಲ್ಡಿಂಗ್ ಅಂಗಡಿಯವರು ಊಟಕ್ಕೆ ಹೋಗಿದ್ದರು, ಗೋಡೆಯ ಮೇಲೆ ಬೆಳಕಿನ ಕುಣಿತ ಇರಲಿಲ್ಲ. ನಾನು ಅವಳ ತಲೆಯ ಹಿಂದೆ ಇನ್ನೊಂದು ದಿಂಬು ಕೊಟ್ಟೆ. ಚೌಕಗಳು ಬೆಳಗುತ್ತಾ ಹೋದವು. ಏಳು ಒಮ್ಮೆ ಬೆಳಗಿ ದಾಟಿತು, ಗಲ್ಲ ಅಲ್ಲಾಡಲಿಲ್ಲ. ಸುಸ್ತಾಯಿತೇ, ಮನಸ್ಸಾಗಲಿಲ್ಲವೇ, ನಾನು ಕೇಳಲಿಲ್ಲ. ಇನ್ನೊಂದು ಸುತ್ತು ಬಂದಾಗ ಒತ್ತಿದಳು. ಉಳಿಸಿದಳು. ಆಮೇಲೆ, ಇಷ್ಟು ವರ್ಷ ಮಾಡುತ್ತಿದ್ದಂತೆಯೇ, ಪುಸ್ತಕ ಕಟ್ಟು ಎಂದು ಅದಕ್ಕೆ ಹೇಳಿದಳು.

ಕಂಪ್ಯೂಟರು ಒಂದಿಷ್ಟು ಗುರುಗುಟ್ಟಿತು. ಪರದೆಯ ಮೇಲೆ ಅವಳದೇ ಮಾತು ಬಂತು. ನಿಮ್ಮ ಸಲಕರಣೆ ಹಳೆಯದು. ಇದರಿಂದ ಈ ಪುಸ್ತಕ ಕಟ್ಟಬಾರದು. ಕನಿಷ್ಠ ಏಳು ಬೇಕು.

ಅವಳು ಆ ಮೂರೂ ಸಾಲನ್ನು ಓದಿದಳು, ಪ್ರೆಸ್ಸಿನ ಕಾಲದಲ್ಲಿ ಓದುತ್ತಿದ್ದಂತೆ, ಬಲಗಡೆ ತುದಿಯವರೆಗೆ ಹೋಗಿ ಮತ್ತೆ ಎಡಕ್ಕೆ ಬಂದು.

“ಸರಿಯಾಗಿದೆ,” ಎಂದಳು. “ಗುಂಡಿ ಬಿಚ್ಚು.”

ಬಿಚ್ಚಿದೆ. ಮಖಮಲ್ಲು ಸವೆದು ಬೋಳಾಗಿತ್ತು, ಗಲ್ಲದಲ್ಲಿ ರೂಪಾಯಿಯಗಲ ಗಟ್ಟಿಯಾದ ಕಲೆ. ಕಂಪ್ಯೂಟರು ಇದ್ದರೆ ಇರಲಿ ಬಿಡು ಎಂದೆ. “ಮೇಜು ನಿಂದು. ತಗೋ. ಎಷ್ಟು ವರ್ಷ ನೆಲದ ಮೇಲೆ ಕೂತು ಹೊಲೀತೀಯ?” ಎಂದಳು.

ಅವಳ ಮಾತಿನಂತೆ ಹೊಲಿಗೆ ಯಂತ್ರವನ್ನು ಮೇಲಕ್ಕಿಟ್ಟೆ. ಅವಳು ಪಕ್ಕದಲ್ಲಿ ಮಲಗಿ ನಾನು ಅಂಚು ಮಡಚುವುದನ್ನು ನೋಡುತ್ತಿದ್ದಳು. ತಪ್ಪಾದರೆ ಹುಬ್ಬು ಗಂಟಿಕ್ಕುವಳು. ಬೆಳಿಗ್ಗೆ ಮುಖ ಒರೆಸಿದ ಮೇಲೆ ಒಂದು ಕ್ಷಣ ಬಾಯಿ ತೆರೆಯುವಳು, ಗುಂಡಿ ಕಟ್ಟು ಎನ್ನಲು. ಆಮೇಲೆ ಮುಚ್ಚುವಳು. ಆ ರೂಢಿ ಬಹಳ ದಿನ ಬಿಟ್ಟುಹೋಗಲಿಲ್ಲ. ಗಲ್ಲದ ಕಲೆ ಅದಕ್ಕಿಂತ ಮೊದಲು ಮಾಯವಾಯಿತು.

ನಾಲಿಗೆ ಪೂರ್ತಿ ನಿಂತಿತು. ಹೌದೆನ್ನಲು ಕಣ್ಣು ಮೇಲೆ, ಅಲ್ಲವೆನ್ನಲು ಕಣ್ಣು ಕೆಳಗೆ. ಚಳಿ ಇಳಿಯುವ ಹೊತ್ತಿಗೆ ಕಾಯಿಲೆ ಉಸಿರಿಗೆ ಬಂತು. ನರ್ಸಮ್ಮ ಅದೇ ಯಂತ್ರ ತಂದಳು, ಜೊತೆಗೆ ಅದೇ ಪುಸ್ತಕ, ಬೇರೆ ಯಾರೋ ಹೊಸದಾಗಿ ಕಟ್ಟಿದ್ದು. ಕೊಳವೆ ಕೂಡಿಸಿ ಗಾಳಿ ಒಳಗೆ ಹೋಗತೊಡಗಿದ ಮೇಲೆ ಅವಳ ಕಣ್ಣು ಪುಸ್ತಕವನ್ನು ಬಿಡಲೇ ಇಲ್ಲ. ನನಗೆ ಅರ್ಥವಾಯಿತು. ಮಂಚದ ಪಕ್ಕ ನಿಂತು ಒಂದೊಂದೇ ಪುಟ ತೆರೆದು ಅವಳ ಮುಖಕ್ಕೆ ಹಿಡಿದೆ. ಕಣ್ಣು ಮೇಲೆ ಹೋದರೆ ಮಗುಚುವುದು. ದಿನಾ ಮಧ್ಯಾಹ್ನ ಸ್ವಲ್ಪ ಸ್ವಲ್ಪ. ಕೊಳವೆಯ ಪುಟದಲ್ಲಿ ಚೌಕ ಇತ್ತು, ಕೆಂಪು ಗೆರೆಯ ಒಳಗೆ. ಅಲ್ಲಿ ಅವಳು ಬಹಳ ಹೊತ್ತು ನಿಂತಳು. ಕಣ್ಣಿನ ಮೂಲೆಯಿಂದ ನೀರು ಕಿವಿಗೆ ಇಳಿಯಿತು, ಒರೆಸಲು ಪುಸ್ತಕ ಕೆಳಗಿಟ್ಟರೆ ಕಣ್ಣು ಕೆಳಗೆ ಮಾಡಿ ಗದರಿದಳು. ಕೊನೆಯ ಪುಟದವರೆಗೂ ನೋಡಿದಳು. ಕಣ್ಣು ಮೇಲೆ ಹೋಯಿತು. ಸರಿಯಾಗಿದೆ.

ಅದಾದ ಮೇಲೆ ಒಂದು ಮಧ್ಯಾಹ್ನ ನಾನು ಒಂದು ಲಂಗದ ಅಂಚು ಹೊಲಿಯುತ್ತಿದ್ದೆ. ಸೊಟ್ಟಗೆ ಹೋಗಿತ್ತು. ಬಯ್ಯಲಿ ಎಂದು ಅವಳತ್ತ ಎತ್ತಿ ತೋರಿಸಿದೆ. ಹುಬ್ಬು ಗಂಟಿಕ್ಕಲಿಲ್ಲ. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಕೊಳವೆ ಬಿಗಿಯಾಗಿಯೇ ಇತ್ತು, ಗಂಟೆಯ ಬಾಯಿ ತೆರೆದೇ ಇತ್ತು. ಆದರೂ ಅದು ಹೊಡೆಯಲಿಲ್ಲ. ಗಾಳಿ ಹೋಗುತ್ತಿದೆ, ಬರುತ್ತಿದೆ, ಯಂತ್ರಕ್ಕೆ ಅಷ್ಟೇ ಗೊತ್ತು. ನಾನು ಎದ್ದು ಹೋಗಿ ಕೆನ್ನೆ ಮುಟ್ಟಿದೆ.

ನರ್ಸಮ್ಮ ಓಡಿ ಬಂದು ಮಣಿಕಟ್ಟು ಹಿಡಿದು ನೋಡಿದಳು, ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ಡಾಕ್ಟರಿಗೆ ಫೋನು ಮಾಡಿದಳು, ಅವರೂ ಬಂದು ನೋಡಿ ಹೋದರು. ಯಂತ್ರ ಮಾತ್ರ ಅವಳ ಎದೆಯನ್ನು ಏರಿಸುತ್ತಲೇ ಇತ್ತು, ಇಳಿಸುತ್ತಲೇ ಇತ್ತು.

“ಅಮ್ಮಾ, ಇದನ್ನ ನಿಲ್ಲಿಸ್ಬೇಕು. ನೀವು ಒಳಗೆ ಹೋಗಿ, ನಾನು ನಿಲ್ಲಿಸ್ತೀನಿ,” ಎಂದಳು ನರ್ಸಮ್ಮ.

“ಬೇಡ, ನಾನೇ,” ಎಂದೆ.

ಪುಸ್ತಕ ತೆಗೆದು ನಿಲ್ಲಿಸುವ ಪುಟ ಹುಡುಕಿದೆ. ಅಕ್ಷರ ಕೂಡಿಸಿ ಕೂಡಿಸಿ ಓದುವವಳು ನಾನು. ನರ್ಸಮ್ಮ ಅವಸರ ಮಾಡಲಿಲ್ಲ. ಮೊದಲನೆಯ ಸಾಲಿನಲ್ಲೇ ಅದು ಇತ್ತು, ಅವಳು ಜಗಳವಾಡಿ ಉಳಿಸಿದ ಮಾತು. ನಿಲ್ಲಿಸುವ ಗುಂಡಿ ಮುಟ್ಟುವ ಮುಂಚೆ ಪರದೆಯಿಂದ ಕಣ್ಣು ತೆಗೆದು ಒಮ್ಮೆ ರೋಗಿಯ ಮುಖ ನೋಡಿ.

ನೋಡಿದೆ. ಆಮೇಲೆ ಒತ್ತಿದೆ.